ಒಂದು ಗುಳ್ಳೆಗಾಗಿ ಜರ್ಮನಿಗೆ ಹೋಗಿ ಬಂದದ್ದು

ಬಿ.ಸಿ. ರೋಡ್

ಎಸಿ ಕೆಲಸ ಕಲಿಯಲಿಕ್ಕೆ ಎಸಿಯೇ ಇಲ್ಲದ ಊರಿಗೆ ಹೋಗಿ ಬಂದವನು ನಾನು. ಅದೂ ನವೆಂಬರ್ ತಿಂಗಳಲ್ಲಿ, ಹಲ್ಲು ಕಟಕಟ ಅನ್ನುವ ಚಳಿಯಲ್ಲಿ. ಜರ್ಮನಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮಂಡೆ ಬಿಸಿಯಾಗುತ್ತದೆ. ಕೇಳುವವರಂತೂ ಬಿಡುವುದಿಲ್ಲ. ಅಂಗಡಿಗೆ ಫ್ರಿಜ್ ತಂದವರೂ ಕೇಳುತ್ತಾರೆ, ಮಸೀದಿಯ ಮೆಟ್ಟಿಲಲ್ಲಿ ಚಪ್ಪಲಿ ಹುಡುಕುವವರೂ ಕೇಳುತ್ತಾರೆ. ಅದಕ್ಕೇ ಒಮ್ಮೆ ಬರೆದು ಮುಗಿಸಿಬಿಡುವ ಎಂದು ಕುಳಿತಿದ್ದೇನೆ.

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ನನ್ನದೊಂದು ರಿಪೇರಿ ಅಂಗಡಿ. ನಾಲ್ಕು ವರ್ಷ ಗಲ್ಫಿನಲ್ಲಿ, ಹದಿನಾಲ್ಕು ವರ್ಷ ಇಲ್ಲಿ, ಒಟ್ಟು ಹದಿನೆಂಟು ವರ್ಷ ಎಸಿಯ ಹೊಟ್ಟೆಯೊಳಗೆ ಕೈ ಹಾಕಿದವನು. ತಣ್ಣಗಿನ ಪೈಪಿಗೆ ಅಂಗೈ ಇಟ್ಟರೆ ಸಾಕು, ಒಳಗೆ ಗ್ಯಾಸ್ ಎಷ್ಟು ಉಂಟು ಎಂದು ಹೇಳುತ್ತಿದ್ದೆ. ಈ ವಿದ್ಯೆಯನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ, ಯಾರೂ ನನಗೆ ಪರೀಕ್ಷೆ ಇಟ್ಟಿರಲಿಲ್ಲ. ನನ್ನ ಹೆಮ್ಮೆ ಪೂರ್ತಿ ಆ ಅಂಗೈಯಲ್ಲೇ ಇತ್ತು.

ಈ ರಗಳೆಯನ್ನು ತಂದು ಹಾಕಿದವರು ಧರಣೇಂದ್ರ ಮಾಸ್ಟ್ರು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಎಸಿಯ ಪಾಠ ಮಾಡುವವರು, ಸ್ಪ್ಯಾನರ್ ಹಿಡಿದವರಲ್ಲ. ಅವರ ಕಾಲೇಜಿಗೂ ಜರ್ಮನಿಯ ಒಂದು ತರಬೇತಿ ಶಾಲೆಗೂ ಏನೋ ಒಪ್ಪಂದವಾಗಿತ್ತು. ಪಾಠ ಮಾಡುವ ಒಬ್ಬರು, ಕೆಲಸ ಮಾಡುವ ಒಬ್ಬರು, ಇಬ್ಬರೂ ಒಟ್ಟಿಗೆ ಬರಬೇಕು. ಮೂರು ವಾರ ಕಲಿತು, ಕೆಲಸ ಮಾಡುವವನು ಪರೀಕ್ಷೆ ಪಾಸಾದರೆ ಹೊಸ ಥರದ ಒಂದು ಎಸಿ ಯಂತ್ರವನ್ನು ನಮ್ಮೂರಿನ ಒಂದು ಕಟ್ಟಡಕ್ಕೆ ಅವರೇ ಕಳಿಸುತ್ತಾರೆ. ಫೇಲಾದರೆ ಮುಂದಿನ ವರ್ಷದವರೆಗೆ ಯಂತ್ರವಿಲ್ಲ.

"ನಾವು ತುಂಬಿಸುವ ಇಪ್ಪತ್ತೆರಡು ನಂಬ್ರದ ಗ್ಯಾಸ್ ಉಂಟಲ್ಲ, ಅದು ಹೊರಗೆ ಹೋದರೆ ಮೇಲಿನ ಓಝೋನನ್ನು ತಿನ್ನುತ್ತದೆ, ಭೂಮಿಯನ್ನು ಬಿಸಿ ಮಾಡುತ್ತದೆ ಮಾರಾಯ್ರೇ," ಎಂದರು ಮಾಸ್ಟ್ರು. "ಒಂದು ಕಿಲೋ ಬಿಟ್ಟರೆ ಟನ್‌ಗಟ್ಟಲೆ ಹೊಗೆ ಬಿಟ್ಟ ಹಾಗೆ. ಅದರ ಬದಲಿಗೆ ಪ್ರೋಪೇನ್ ಹಾಕಬಹುದು. ಅಡುಗೆ ಗ್ಯಾಸಿನ ಜಾತಿಯದ್ದು. ಅದರಿಂದ ಆ ತೊಂದರೆ ಇಲ್ಲ."

"ಬೆಂಕಿ ಹಿಡಿಯುವುದಿಲ್ವಾ?"

"ಹಿಡಿಯುತ್ತದೆ. ಅದಕ್ಕೇ ಕಲಿಯಲಿಕ್ಕೆ ಹೋಗುವುದು."

ನನ್ನ ಹೆಂಡತಿ ಜೊಹರಾ ಇದನ್ನು ಕೇಳಿ ಸೌಟು ಹಿಡಿದೇ ಹೊರಗೆ ಬಂದಳು. "ಅಡುಗೆ ಗ್ಯಾಸನ್ನು ತಣ್ಣಗಾಗಲಿಕ್ಕೆ ಹಾಕುವುದಾ? ನಿಮಗೆ ಎಂತ, ಮರ್ಲಾ, ಹುಚ್ಚಾ?" ಎಂದಳು. ಅವಳ ಬೆನ್ನ ಹಿಂದೆಯೇ, ಒಲೆಯಿಂದ ಎರಡು ಮಾರು ದೂರದಲ್ಲಿ, ಅದೇ ಗ್ಯಾಸಿನ ತೊಡೆಯೆತ್ತರದ ಹಂಡೆ ಕುಳಿತಿತ್ತು. ಅದನ್ನು ತೋರಿಸಿದರೆ "ಅದು ಬೇರೆ, ಇದು ಬೇರೆ" ಎಂದು ಒಳಗೆ ಹೋದಳು.

ಕಟ್ಟಡದ ಯಜಮಾನರೂ ಸಿಕ್ಕಿದರು. ಕಕ್ಕಿಂಜೆಯ ಹಾಜಿಯಾರ್, ಗಲ್ಫಿನಲ್ಲಿ ಬಟ್ಟೆ ವ್ಯಾಪಾರ ಮಾಡಿ ಬಂದು ಬೆಳ್ತಂಗಡಿಯಲ್ಲಿ ಮದುವೆ ಹಾಲ್ ಕಟ್ಟಿಸುತ್ತಿದ್ದರು. ಏಪ್ರಿಲಿನಲ್ಲಿ ಅವರ ಕಿರಿ ಮಗಳದ್ದೇ ಅಲ್ಲಿ ಮೊದಲ ನಿಕಾಹ್. ಹಳೆಯ ಗ್ಯಾಸ್ ಎಷ್ಟು ಕೆಟ್ಟದ್ದು ಎಂದು ನಾನು ಅವರ ಹಿಂದೆ ಬಿದ್ದು ಆರು ತಿಂಗಳು ಮಂಡೆ ತಿಂದೆ. ಕೊನೆಗೆ ಅವರು ಗಡ್ಡ ಸವರಿ, ಮಗನನ್ನು ಕರೆಯುವ ಹಾಗೆ ಹೇಳಿದರು, "ಮೋನೇ, ನನಗೆ ಗ್ಯಾಸು ಗೊತ್ತಿಲ್ಲ, ನಿನ್ನನ್ನು ಗೊತ್ತುಂಟು. ಹೋಗಿ ಕಲಿತು ಬಾ. ಬಂದು ಒಂದೇ ಮಾತು ಹೇಳು. ನೀನು ಹಾಕಿದ ಯಂತ್ರದ ಹಾಲ್‌ನಲ್ಲಿ ನಿನ್ನ ಮನೆಯ ಹೆಂಗಸರನ್ನು ಧೈರ್ಯವಾಗಿ ಕೂರಿಸ್ತೀಯಾ? ಹೌದು ಅಂದರೆ ಹಾಕುವ." ಹೌದು ಎಂದು ನಾನು ಅಲ್ಲೇ ಹೇಳಲಿಕ್ಕೆ ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

ಇಳಿಯಬೇಕಾದ ಸ್ಟೇಷನ್

ವಿಮಾನದ ಕಥೆ ಬಿಡಿ. ನನ್ನ ಹದಿನೆಂಟು ವರ್ಷದ ಸ್ಪ್ಯಾನರನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಿ ಮುಂಬಯಿಯ ತಪಾಸಣೆಯಲ್ಲೇ ಕಳಕೊಂಡೆ ಎಂದರೆ ಸಾಕು.

ಜರ್ಮನಿಯಲ್ಲಿ ವಿಮಾನ ಇಳಿದು ರೈಲು ಹತ್ತಿದೆವು. ನಾವು ಇಳಿಯಬೇಕಾದ ಊರಿನ ಹೆಸರನ್ನು ಮಾಸ್ಟ್ರು ದಾರಿಯುದ್ದಕ್ಕೂ ಮಂತ್ರದ ಹಾಗೆ ಜಪಿಸುತ್ತಿದ್ದರು. ಸ್ಟೇಷನ್ ಬಂತು, ಅದೇ ಹೆಸರಿನ ಬೋರ್ಡೂ ಬಂತು. ಪೆಟ್ಟಿಗೆ ಹಿಡಿದು ಬಾಗಿಲ ಎದುರು ನಿಂತೆವು. ಬಾಗಿಲು ತೆರೆಯಲೇ ಇಲ್ಲ. ಅರ್ಧ ನಿಮಿಷ ನಿಂತ ರೈಲು ನಮ್ಮನ್ನು ಹೊತ್ತುಕೊಂಡೇ ಹೊರಟಿತು. ಬಾಗಿಲ ಪಕ್ಕದಲ್ಲಿ ಹಸುರು ಬಟನ್ ಉಂಟು, ಇಳಿಯುವವನೇ ಅದನ್ನು ಒತ್ತಬೇಕು ಎಂದು ನಮಗೆ ಯಾರು ಹೇಳಬೇಕು? ನಮ್ಮ ಹಿಂದೆ ಕುಳಿತ ಮುದುಕಿ ಎಲ್ಲ ನೋಡುತ್ತಾ ಇದ್ದಳು, ಬಾಯಿ ಬಿಡಲಿಲ್ಲ. ನಮ್ಮ ಬೆಳ್ತಂಗಡಿ ಬಸ್ಸಿನಲ್ಲಾದರೆ ಒಬ್ಬನು ಇಳಿಯದೆ ಉಳಿದರೆ ಇಡೀ ಬಸ್ಸೇ ಬೊಬ್ಬೆ ಹೊಡೆಯುತ್ತಿತ್ತು, ಕಂಡಕ್ಟರ್ ರಟ್ಟೆ ಹಿಡಿದು ಇಳಿಸುತ್ತಿದ್ದ.

ಮುಂದಿನ ಸ್ಟೇಷನಿನಲ್ಲಿ ಇಳಿದು, ಹಿಂದಕ್ಕೆ ಹೋಗುವ ರೈಲಿಗೆ ನಲವತ್ತು ನಿಮಿಷ ಕಾದು, ನಡುಗುತ್ತಾ ಹೋದರೆ ನಮ್ಮ ಗುರು ಹೆಲ್ಮುಟ್ ಪ್ಲಾಟ್‌ಫಾರಂ ಮೇಲೆ ಗಡಿಯಾರ ನೋಡುತ್ತಾ ನಿಂತಿದ್ದ. ಅರುವತ್ತರ ಹತ್ತಿರದ, ಉದ್ದಕ್ಕೆ ತೆಂಗಿನಮರದ ಹಾಗಿನ ಮನುಷ್ಯ. "ಐವತ್ತೆರಡು ನಿಮಿಷ," ಎಂದ. ಬೈದದ್ದಾ, ಲೆಕ್ಕ ಹೇಳಿದ್ದಾ ಎಂದು ಗೊತ್ತಾಗಲಿಲ್ಲ.

ಮೊದಲ ಸೋಮವಾರ

ತರಬೇತಿ ಶಾಲೆಯಲ್ಲಿ ಮೊದಲು ಕೊಟ್ಟದ್ದು ಶೂ. ಮುಂದೆ ಕಬ್ಬಿಣ ಇರುವ, ಒಂದೊಂದು ಒಂದೊಂದು ಸೇರು ತೂಗುವ ಶೂ. ನನ್ನ ಅಳತೆಯದ್ದು ಗಂಡಸರಿಗೆ ಇಲ್ಲವಂತೆ, ಹೆಂಗಸರದ್ದು ಕೊಟ್ಟರು. ನಂತರ ಕನ್ನಡಕ, ಕೈಗವಸು, ಕಿವಿಗೊಂದು ಮುಚ್ಚಳ. ಇಷ್ಟು ಹಾಕಿಕೊಂಡ ಮೇಲೆ ನನ್ನ ಅಂಗೈಗೆ ಪೈಪು ತಣ್ಣಗೆ ಉಂಟಾ ಬಿಸಿ ಉಂಟಾ ಎಂದು ಹೇಗೆ ಗೊತ್ತಾಗಬೇಕು? ಹೆಲ್ಮುಟ್‌ನನ್ನು ಕೇಳಿದೆ. ನನ್ನ ಇಂಗ್ಲಿಷ್ ಗಲ್ಫಿನದ್ದು, ಅವನದ್ದು ಜರ್ಮನಿಯದ್ದು, ಹೇಗೋ ಸಾಗುತ್ತಿತ್ತು. ಸಿಕ್ಕಿಬಿದ್ದಾಗ ಮಾಸ್ಟ್ರು ಬಿಡಿಸುತ್ತಿದ್ದರು.

"ಗ್ಯಾಸನ್ನು ಕೈಯಿಂದ ಅಳೆಯುವುದಿಲ್ಲ, ತಕ್ಕಡಿಯಿಂದ ಅಳೆಯುವುದು," ಎಂದ ಹೆಲ್ಮುಟ್.

"ನನ್ನ ಕೈ ತಪ್ಪುವುದಿಲ್ಲ," ಎಂದೆ.

"ನಿಮ್ಮ ಕೈಯನ್ನು ನಾನು ಇನ್ನೊಬ್ಬನಿಗೆ ಹೇಗೆ ಕಲಿಸಲಿ?" ಎಂದು ಕೇಳಿದ. ಇಂಥ ಪ್ರಶ್ನೆಗಳೆಂದರೆ ನನಗೆ ಆಗುವುದಿಲ್ಲ. ಉತ್ತರ ಹೊಳೆಯುವುದು ರಾತ್ರಿ ಮಲಗಿದ ಮೇಲೆ.

ಆವತ್ತಿನ ಕೆಲಸ ಸುಲಭದ್ದು. ಒಂದು ಹಳೆಯ ಎಸಿಯಿಂದ ಇಪ್ಪತ್ತೆರಡು ನಂಬ್ರದ ಗ್ಯಾಸನ್ನು ಎಳೆದು ಖಾಲಿ ಸಿಲಿಂಡರಿಗೆ ತುಂಬಿಸಬೇಕು. ನಾನು ಪೈಪು ಜೋಡಿಸಿದೆ. ಪೈಪಿನೊಳಗೆ ಗಾಳಿ ಇರುತ್ತದಲ್ಲ, ಅದು ಹೋಗಬೇಕು. ಅದಕ್ಕೆ ನಾವೆಲ್ಲ ಏನು ಮಾಡುತ್ತೇವೆ? ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಸ್ವಲ್ಪ ಗ್ಯಾಸನ್ನು "ಫುಸ್ಸ್" ಎಂದು ಬಿಟ್ಟು, ಮತ್ತೆ ಬಿಗಿ ಮಾಡುತ್ತೇವೆ. ಮಂಗಳೂರಿನಿಂದ ದುಬೈವರೆಗೆ ಎಲ್ಲ ಮೆಕ್ಯಾನಿಕ್‌ಗಳೂ ಹೀಗೇ ಮಾಡುವುದು. ಆ ಶಬ್ದ ಬಂದರೇನೇ ಗಿರಾಕಿಗೂ ಸಮಾಧಾನ, ಗ್ಯಾಸ್ ಉಂಟು ಎಂದು. ನಾನೂ ಬಿಟ್ಟೆ. ಫುಸ್ಸ್.

ಹೆಲ್ಮುಟ್ ಗೋಡೆಯ ಕೆಂಪು ಗುಂಡಿ ಒತ್ತಿದ. ಎಲ್ಲ ಯಂತ್ರ ನಿಂತವು. ಇಷ್ಟುದ್ದದ ಒಂದು ಫಾರಂ ತಂದು ನನ್ನೆದುರು ಇಟ್ಟ. ಎಷ್ಟು ಗ್ರಾಂ ಹೊರಗೆ ಹೋಯಿತು? ಯಾವಾಗ? ಯಾಕೆ?

ನಾನು "ಸ್ವಲ್ಪ" ಎಂದು ಬರೆದೆ. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿದ. ಯಾಕೆ ಎಂಬಲ್ಲಿ "ಅಭ್ಯಾಸ" ಎಂದು ಬರೆದೆ. ಎಷ್ಟು ವರ್ಷದ ಅಭ್ಯಾಸ ಎಂದು ಕೇಳಿದ. ಹದಿನೆಂಟು ಎಂದೆ. ದಿನಕ್ಕೆ ಎಷ್ಟು ಸಲ ಎಂದ. ನಾನು ಪೆನ್ನು ಮೇಜಿಗೆ ಕುಕ್ಕಿ ಹೊರಗೆ ಹೋದೆ.

ಹೊರಗೆ ಇನ್ನೂ ಹೆಚ್ಚು ಚಳಿ. ಮಾಸ್ಟ್ರು ಹಿಂದೆಯೇ ಬಂದು, "ಸಿಟ್ಟು ಮಾಡಬೇಡಿ ಯೂಸುಫ್, ಅವನು ಕೇಳಿದ್ದರಲ್ಲಿ ತಪ್ಪಿಲ್ಲ," ಎಂದರು.

"ತಪ್ಪಿಲ್ಲ ಅಂತಲೇ ಸಿಟ್ಟು ಬರುವುದು ಮಾಸ್ಟ್ರೇ!"

ಮಾಸ್ಟ್ರ ಗ್ರಹಚಾರ ಇನ್ನೊಂದು ಬಗೆಯದ್ದು. ಅವರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನವೆಂಬರಿನಲ್ಲಿ ಅಲ್ಲಿ ಸೂರ್ಯ ನಾಲ್ಕೂವರೆಗೇ ಮನೆಗೆ ಹೋಗುತ್ತಾನೆ, ಕ್ಲಾಸು ಐದರವರೆಗೆ. ಅಂಜುತ್ತಾ ಹೆಲ್ಮುಟ್‌ನಲ್ಲಿ ಕೇಳಿದರು. ನಿಯಮ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅವನ ಮುಖ ಅರಳಿತು. ಗೋಡೆಯ ಟೈಂಟೇಬಲಿನಲ್ಲಿ ನಾಲ್ಕು ಗಂಟೆಗೆ "ಧರಣೇಂದ್ರ, ಊಟ" ಎಂದು ನೀಟಾಗಿ ಬರೆದೇಬಿಟ್ಟ. ದಿನಾ ನಾಲ್ಕಕ್ಕೆ ಸರಿಯಾಗಿ ಮಾಸ್ಟ್ರು ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚಿ ತಿನ್ನುವಾಗ, ನಾನು ಹೆಂಗಸರ ಶೂ ಹಾಕಿಕೊಂಡು ತಕ್ಕಡಿಯ ಮುಳ್ಳು ನೋಡುತ್ತಾ ನಿಲ್ಲುತ್ತಿದ್ದೆ.

ಶುಕ್ರವಾರ

ಎರಡನೆಯ ವಾರ ಪ್ರೋಪೇನಿನದ್ದು. ಯಂತ್ರ ಚಂದದ್ದು, ಸುಳ್ಳು ಹೇಳಬಾರದು. ಗ್ಯಾಸೆಲ್ಲ ಹೊರಗೆ ತಾರಸಿಯ ಮೇಲಿನ ಪೆಟ್ಟಿಗೆಯೊಳಗೆ ಇರುತ್ತದೆ, ಅಲ್ಲಿ ನೀರನ್ನು ತಣ್ಣಗೆ ಮಾಡುತ್ತದೆ. ಕಟ್ಟಡದೊಳಗೆ ಬರುವುದು ಬರೀ ತಣ್ಣೀರಿನ ಪೈಪು. ಹಾಜಿಯಾರ್ ಹೆದರುವುದಕ್ಕೆ ಏನಿತ್ತು? ಆದರೆ ಆ ಗ್ಯಾಸಿಗೆ ವಾಸನೆಯೇ ಇಲ್ಲ. ಅಡುಗೆಯದ್ದಕ್ಕಾದರೆ ಸೋರಿದ್ದು ಗೊತ್ತಾಗಲಿ ಎಂದೇ ವಾಸನೆ ಸೇರಿಸಿರುತ್ತಾರೆ, ಇದಕ್ಕೆ ಅದೂ ಇಲ್ಲ. ಅದಕ್ಕೇ ಕಲಿಯುವ ಕೋಣೆಯ ನೆಲದ ಹತ್ತಿರ ನಾಲ್ಕೂ ಮೂಲೆಗೆ ಮೂಸುವ ಸಾಧನ ಇಟ್ಟಿದ್ದರು. ಗ್ಯಾಸ್ ಬಂದರೆ ಅದು ಕೂಗುತ್ತದೆ.

ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜಿಗೆ ಹೋಗಬೇಕಿತ್ತು. ಎರಡು ಸ್ಟಾಪ್ ಆಚೆ ತುರ್ಕಿಯವರ ಒಂದು ಮಸೀದಿ ಉಂಟೆಂದು ಪತ್ತೆ ಮಾಡಿಟ್ಟಿದ್ದೆ. ಬಟ್ಟೆ ಬದಲಿಸುವ ಕೋಣೆಗೆ ಬೀಗ. ಸರಿ ಎಂದು ಯಂತ್ರದ ಕೋಣೆಯ ಮೂಲೆಯಲ್ಲೇ ಅಂಗಿ ಬದಲಿಸಿದೆ. ಭಾವ ಗಲ್ಫಿನಿಂದ ತಂದುಕೊಟ್ಟ ಸೆಂಟಿನ ಸ್ಪ್ರೇ ಚೀಲದಲ್ಲಿತ್ತು. ನಮ್ಮ ಕಡೆ ಸ್ಪ್ರೇ ಹೊಡೆಯದೆ ಜುಮ್ಮಾಕ್ಕೆ ಹೋಗುವ ಗಂಡಸು ಇದ್ದಾನಾ? ಎಡಕ್ಕೊಂದು, ಬಲಕ್ಕೊಂದು, ಕುತ್ತಿಗೆಗೊಂದು, ಬೆನ್ನಿಗೆ ಉದ್ದಕ್ಕೊಂದು ಹೊಡೆದೆ.

ಅಯ್ಯೋ ಆ ಶಬ್ದ! ಕಿವಿ ಹರಿದುಹೋಗುವ ಹಾಗೆ ಸೈರನ್. ಗೋಡೆಯ ಫ್ಯಾನ್‌ಗಳು ಬಿರುಗಾಳಿ ಎಬ್ಬಿಸಿದವು, ದೀಪ ಹೋಯಿತು, ಬಾಗಿಲುಗಳು ತಾವಾಗಿಯೇ ತೆರೆದುಕೊಂಡವು. ಮೂರು ಮಾಳಿಗೆಯ ಜನ ಒಬ್ಬರ ಹಿಂದೆ ಒಬ್ಬರು ಅಂಗಳಕ್ಕೆ ಇಳಿದರು. ಓಡಲಿಲ್ಲ, ಕೂಗಲಿಲ್ಲ, ಕಾಫಿ ಕಪ್ಪನ್ನೂ ಬಿಡಲಿಲ್ಲ. ಹೆಲ್ಮುಟ್ ಕೈಯಲ್ಲಿ ಮೂಸುವ ಸಣ್ಣ ಮಿಷನ್ ಹಿಡಿದು ಕೋಣೆಯೆಲ್ಲ ಸುತ್ತಿ ಬಂದ. ಒಳಗೆ ಏನೂ ಇಲ್ಲ. ಅಂಗಳದಲ್ಲಿ ನನ್ನ ಪಕ್ಕ ಬಂದಾಗ ಅದು "ಟಿರ್ರ್" ಎಂದಿತು. ನನ್ನ ಕಂಕುಳಿನ ಹತ್ತಿರ ತಂದ. "ಟಿರ್ರ್ರ್ರ್!"

ಸ್ಪ್ರೇ ಡಬ್ಬಿಯನ್ನು ಈಸಿಕೊಂಡು ಹಿಂದಿನ ಸಣ್ಣ ಅಕ್ಷರ ಓದಿದ. ಆ ಡಬ್ಬಿಯಲ್ಲಿ ಸೆಂಟನ್ನು ಹೊರಗೆ ತಳ್ಳುವುದೇ ಪ್ರೋಪೇನು, ಬ್ಯೂಟೇನು. ನಾನು ಸಮುದ್ರ ದಾಟಿ ಕಲಿಯಲಿಕ್ಕೆ ಬಂದ ಗ್ಯಾಸನ್ನು ಭಾವ ನನಗೆ ಹಬ್ಬಕ್ಕೆ ಹಬ್ಬಕ್ಕೆ ಉಡುಗೊರೆ ಕೊಡುತ್ತಿದ್ದ. ಮಾಸ್ಟ್ರು ಬಾಯಿಗೆ ಕರ್ಚೀಪು ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಅವರ ಹೆಗಲು ಕುಣಿಯುತ್ತಿತ್ತು.

ಫಾರಂ ಬಂತು. ಎಷ್ಟು ಗ್ರಾಂ? ಯಾವಾಗ? ಯಾಕೆ? ಬರೆದು ಮುಗಿಸುವಾಗ ಜುಮ್ಮಾ ತಪ್ಪಿತ್ತು.

ಆದಿತ್ಯವಾರ, ಹೆಲ್ಮುಟ್‌ನ ಮನೆ

ಆ ಊರಿನ ಆದಿತ್ಯವಾರವನ್ನು ಶತ್ರುವಿಗೂ ಕೊಡಬಾರದು. ಅಂಗಡಿ ಇಲ್ಲ, ಜನ ಇಲ್ಲ, ನಾಯಿ ಕೂಡ ಬೊಗಳುವುದಿಲ್ಲ. ಒಂದು ವಾಹನವೂ ಇಲ್ಲದ ರಸ್ತೆಯಲ್ಲಿ ಕೆಂಪು ದೀಪ ಉರಿಯುತ್ತದೆಂದು ಒಬ್ಬನು ಸುಮ್ಮನೆ ನಿಂತಿದ್ದ. ನಾನು ದಾಟಿದೆ. ಆಚೆ ಬದಿಯಲ್ಲಿ ಮಗುವಿನ ಕೈ ಹಿಡಿದಿದ್ದ ಹೆಂಗಸು ನನ್ನನ್ನು ನೋಡಿದ ನೋಟ, ನಾನು ಅವಳ ಮನೆಗೆ ಕನ್ನ ಹಾಕಿದವನೇನೋ ಎಂಬ ಹಾಗಿತ್ತು.

ಹೆಲ್ಮುಟ್ ಊಟಕ್ಕೆ ಕರೆದಿದ್ದ. ನನಗೆ ಹಂದಿ ಆಗದು, ಬೇರೆಯವರು ಕೊಯ್ದ ಕೋಳಿಯೂ ಆಗದು. ಮಾಸ್ಟ್ರಿಗೆ ನೀರುಳ್ಳಿ, ಬಟಾಟೆ, ಮೊಟ್ಟೆ ಯಾವುದೂ ಆಗದು. ಪಾಪ, ಅವನ ಹೆಂಡತಿ ನಮ್ಮಿಬ್ಬರ ಪಟ್ಟಿ ಹಿಡಿದು ಎರಡು ದಿನ ಯೋಚಿಸಿ, ಕೊನೆಗೆ ಅನ್ನ ಮಾಡಿ, ಅದರ ಮೇಲೆ ಸೇಬು ಬೇಯಿಸಿ ಹಾಕಿ, ಮೇಲಿಂದ ಸಕ್ಕರೆ ಉದುರಿಸಿ ಕೊಟ್ಟಳು. ಬಂಗುಡೆ ಸಾರು ನೆನಪಾಗಿ ಕಣ್ಣಲ್ಲಿ ನೀರು ಬಂತು. ರುಚಿಗೆ ಬಂದ ನೀರೆಂದು ತಿಳಿದು ಅವಳು ಇನ್ನೊಂದು ಸೌಟು ಬಡಿಸಿದಳು.

ಊಟವಾದ ಮೇಲೆ ಕೇಳಿದೆ, "ನಿಮ್ಮ ಮನೆಯಲ್ಲಿ ಎಸಿ ಎಲ್ಲಿ?"

"ಇಲ್ಲ."

"ಶಾಲೆಯಲ್ಲಿ? ಆಫೀಸಿನಲ್ಲಿ?"

"ಹೆಚ್ಚಿನ ಕಡೆ ಇಲ್ಲ."

"ಹಾಗಾದರೆ ಸೆಖೆ ಆದರೆ ಎಂತ ಮಾಡ್ತೀರಿ?"

ಹೆಲ್ಮುಟ್ ಎದ್ದು ಹೋಗಿ ಕಿಟಕಿ ತೆರೆದ. ಹೊರಗಿನ ಚಳಿ ಒಳಗೆ ನುಗ್ಗಿತು. ನಾನು ಮಾಸ್ಟ್ರ ಮುಖ ನೋಡಿದೆ, ಮಾಸ್ಟ್ರು ನನ್ನ ಮುಖ ನೋಡಿದರು.

ಕಿಟಕಿ ತೆರೆಯುವುದು ನಮಗೂ ಗೊತ್ತುಂಟು ಸ್ವಾಮಿ. ಏಪ್ರಿಲಿನಲ್ಲಿ ಬೆಳ್ತಂಗಡಿಗೆ ಬನ್ನಿ, ಕಿಟಕಿ ತೆರೆದರೆ ಏನು ಬರುತ್ತದೆಂದು ತೋರಿಸುತ್ತೇನೆ. ಸೆಖೆ ನಮ್ಮದು, ಬೆವರು ನಮ್ಮದು, ಅದಕ್ಕೆ ಕಾಯಿದೆ ಮಾತ್ರ ನಿಮ್ಮದು. ಇಷ್ಟನ್ನೂ ಬಾಯಿಬಿಟ್ಟು ಹೇಳಿದೆ, ಮಾಸ್ಟ್ರು ಅರ್ಧವನ್ನೇ ಇಂಗ್ಲಿಷಿಗೆ ತಿರುಗಿಸಿದರು. ಹೆಲ್ಮುಟ್ ತಲೆಯಾಡಿಸಿದ. "ಸೆಖೆ ನಿಮ್ಮದು, ನಿಜ. ಅದಕ್ಕೇ ಹೆಚ್ಚು ಎಸಿ ಬರುವುದು ನಿಮ್ಮಲ್ಲಿ. ನನ್ನ ಜೋಡಣೆ ಸೋರಿದರೆ ಒಂದು ಕಟ್ಟಡ. ನಿಮ್ಮವು ಸೋರಿದರೆ?" ಎಂದ. ಮತ್ತೆ ಅಂಥದ್ದೇ ಪ್ರಶ್ನೆ.

ಪರೀಕ್ಷೆಯ ದಿನ

ಮೂರನೆಯ ಶುಕ್ರವಾರ ಪರೀಕ್ಷೆ. ಆರು ತಾಸಿನೊಳಗೆ ಒಂದು ಪ್ರೋಪೇನ್ ಯಂತ್ರವನ್ನು ಜೋಡಿಸಬೇಕು. ತಾಮ್ರದ ಪೈಪಿನ ಹನ್ನೆರಡು ಜೋಡಣೆ. ಆಮೇಲೆ ಒಳಗೆ ನೈಟ್ರೋಜನ್ ತುಂಬಿಸಿ ಒತ್ತಡ ನಿಲ್ಲುತ್ತದಾ ಎಂದು ನೋಡಬೇಕು, ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಹುಡುಕಬೇಕು. ಅದಾದ ಮೇಲೆ ಗಾಳಿಯನ್ನೆಲ್ಲ ಎಳೆದು ತೆಗೆದು, ಕೊನೆಗೆ ಪ್ರೋಪೇನನ್ನು ತೂಗಿ ತುಂಬಿಸಬೇಕು. ನಿಯಮ ಪ್ರಕಾರ ಒಬ್ಬ ಸಹಾಯಕ ಇರಬಹುದು. ಥಿಯರಿಯಲ್ಲಿ ಹಿಂದಿನ ದಿನವೇ ಎಲ್ಲರಿಗಿಂತ ಹೆಚ್ಚು ಮಾರ್ಕು ತೆಗೆದಿದ್ದ ಮಾಸ್ಟ್ರು ಸೋಪಿನ ಡಬ್ಬಿ ಹಿಡಿದು ನನ್ನ ಪಕ್ಕ ನಿಂತರು.

ಕೆಲಸ ನೀರು ಕುಡಿದ ಹಾಗೆ ನಡೆಯಿತು. ಕೈಗವಸಿನಲ್ಲೂ ಕೈ ಮಾತು ಕೇಳಿತು. ಒಂದು ಫುಸ್ಸೂ ಇಲ್ಲ. ನೈಟ್ರೋಜನ್ ತುಂಬಿಸಿದೆ, ಮೀಟರಿನ ಮುಳ್ಳು ಅಲುಗಲಿಲ್ಲ. ನೊರೆ ಹಚ್ಚುತ್ತಾ ಬಂದೆ. ಒಂದು, ಎರಡು, ಐದು, ಹತ್ತು. ಎಲ್ಲ ಸರಿ. ಹೆಲ್ಮುಟ್ ಆಚೆ ತುದಿಯಲ್ಲಿ ಇನ್ನೊಬ್ಬನ ಯಂತ್ರ ನೋಡುತ್ತಿದ್ದ.

ಹನ್ನೊಂದನೆಯದ್ದರ ಅಡಿಭಾಗದಲ್ಲಿ, ಬಗ್ಗಿ ನೋಡಿದರೆ ಮಾತ್ರ ಕಾಣುವ ಕಡೆ, ಸಾಸಿವೆಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ನಿಧಾನ ಉಬ್ಬಿ ಒಡೆಯಿತು. ನಾನು ಬಗ್ಗಿದಲ್ಲೇ ಕಾದೆ. ಅರ್ಧ ನಿಮಿಷ ಕಳೆದು ಇನ್ನೊಂದು ಎದ್ದಿತು.

ಮೀಟರಿಗೆ ಗೊತ್ತಾಗದಷ್ಟು ಸಣ್ಣ ಸೋರಿಕೆ. ಹೇಳಿದರೆ ಒತ್ತಡ ಬಿಟ್ಟು, ಜೋಡಣೆ ಕತ್ತರಿಸಿ, ಹೊಸದು ಮಾಡಿ, ಮೊದಲಿನಿಂದ ಎಲ್ಲ ಪರೀಕ್ಷೆ. ಸಮಯ ಸಾಲದು, ಫೇಲು ಖಂಡಿತ. ಹೇಳದಿದ್ದರೆ ಪಾಸು, ಜನವರಿಯಲ್ಲಿ ಯಂತ್ರ ಹಡಗು ಹತ್ತುತ್ತದೆ, ಏಪ್ರಿಲಿನಲ್ಲಿ ಹಾಜಿಯಾರ ಮಗಳು ತಣ್ಣಗಿನ ಹಾಲ್‌ನಲ್ಲಿ ಕುಳಿತುಕೊಳ್ಳುತ್ತಾಳೆ.

ಮಾಸ್ಟ್ರೂ ನೋಡಿದ್ದರು. ಇರುವೆ ಮೆಟ್ಟದ ಮನುಷ್ಯ, ನನ್ನ ಕಿವಿಯ ಹತ್ತಿರ ಬಗ್ಗಿ ತುಳುವಿನಲ್ಲಿ, "ಬುಡ್ಲೆ ಮಾರಾಯ್ರೇ," ಎಂದರು. ಬಿಟ್ಟುಬಿಡಿ ಎಂದು. "ಇದು ಇಲ್ಲಿಯೇ ಬಿಚ್ಚಿ ಹಾಕುವ ಯಂತ್ರ. ಊರಿನದ್ದನ್ನು ನೀವು ಸರಿಯಾಗಿಯೇ ಮಾಡ್ತೀರಿ."

ಅವರು ಹೇಳಿದ್ದು ನಿಜ. ಆ ಯಂತ್ರದಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ನನ್ನ ಕಣ್ಣು ಆ ಗುಳ್ಳೆಯಿಂದ ನನ್ನ ಅಂಗೈಗೆ ಹೋಯಿತು. ಆ ಜೋಡಣೆ ಮಾಡಿ ಮುಗಿಸಿದಾಗ ನಾನು ಅಂಗೈಯಿಂದ ಸವರಿ ನೋಡಿ, ಇದು ಭಾರಿ ಚಂದ ಆಯಿತು ಎಂದುಕೊಂಡಿದ್ದೆ. ಹನ್ನೆರಡರಲ್ಲಿ ಅದೇ ಒಳ್ಳೆಯದೆಂದು ನನ್ನ ಕೈ ಹೇಳಿತ್ತು. ಹಾಗಾದರೆ ಹದಿನೆಂಟು ವರ್ಷದಲ್ಲಿ ಈ ಕೈ ಹೌದೆಂದದ್ದರಲ್ಲಿ ಎಷ್ಟಕ್ಕೆ ಗುಳ್ಳೆ ಇತ್ತು? ನಾನು ಒಮ್ಮೆಯೂ ಬಗ್ಗಿ ನೋಡಿದವನಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮಾಸ್ಟ್ರ ಮೇಲೆ, ಹೆಲ್ಮುಟ್‌ನ ಮೇಲೆ, ಈ ದರಿದ್ರ ಸೋಪಿನ ಮೇಲೆ.

"ಹೆಲ್ಮುಟ್!" ಎಂದು ಕೂಗಿದೆ. "ಇಲ್ಲಿ ಒಂದು ಗುಳ್ಳೆ ಉಂಟು!"

ಅವನು ಬಂದು ಮಂಡಿಯೂರಿ ಕುಳಿತು ನೋಡಿದ. ಒಂದು ಗುಳ್ಳೆ, ಎರಡನೆಯ ಗುಳ್ಳೆ. ಎದ್ದು ಗಡಿಯಾರ ನೋಡಿದ. "ಸಮಯ ಸಾಲದು," ಎಂದ. ನನ್ನ ಕೈ ಹಿಡಿದು ಬಲವಾಗಿ ಕುಲುಕಿದ. "ನೀವು ಹೇಳಿದ್ದು ಒಳ್ಳೆಯದಾಯಿತು." ಆಮೇಲೆ ಅದೇ ಕೈಯಿಂದ ಫಾರಂ ಮೇಲೆ ಅನುತ್ತೀರ್ಣ ಎಂದು ನೀಟಾಗಿ ಬರೆದ.

"ಇದೆಂಥ ನ್ಯಾಯ?" ಎಂದೆ. "ಮುಚ್ಚಿಟ್ಟಿದ್ದರೆ ಪಾಸು, ಬಿಚ್ಚಿ ಹೇಳಿದ್ದಕ್ಕೆ ಫೇಲಾ?"

"ಹೇಳಿದ್ದಕ್ಕೆ ಅಲ್ಲ. ಸೋರಿದ್ದಕ್ಕೆ," ಎಂದ. ಆ ಮನುಷ್ಯನ ಹತ್ತಿರ ಜಗಳ ಮಾಡಲಿಕ್ಕೂ ಆಗುವುದಿಲ್ಲ.

ಸ್ಟೇಷನ್ ಎದುರಿನ ಟೆಲಿಫೋನ್

ಆ ಸಂಜೆಯೇ ಹಾಜಿಯಾರಿಗೆ ಫೋನ್ ಮಾಡಿದೆ. ಆಚೆಯಿಂದ ಕೆಲಸದವರು ಸಾರಣೆ ಮಾಡುವ ಶಬ್ದ ಕೇಳುತ್ತಿತ್ತು, ಹಾಲ್‌ನಲ್ಲೇ ಇದ್ದರು.

"ಎಂತ ಆಯ್ತು ಮೋನೇ?"

"ಫೇಲ್ ಹಾಜಿಯಾರೇ." ಎಲ್ಲ ಹೇಳಿದೆ. ಗುಳ್ಳೆಯನ್ನೂ ಹೇಳಿದೆ.

"ಆ ಗುಳ್ಳೆ ಯಾರು ನೋಡಿದ್ದು?"

"ನಾನೇ."

"ನೀನು ಹೇಳದಿದ್ದರೆ ಅವರಿಗೆ ಗೊತ್ತಾಗ್ತಿತ್ತಾ?"

"ಇಲ್ಲ."

ನನಗೆ ತಡೆಯಲಾಗಲಿಲ್ಲ. "ನಾನು ಹೊರಡುವ ಮೊದಲು ನೀವು ಒಂದು ಮಾತು ಕೇಳಿದ್ದಿರಲ್ಲ, ಹಾಜಿಯಾರೇ. ಯಂತ್ರವನ್ನು ನಂಬಬಹುದು. ನನ್ನ ಮನೆಯವರನ್ನು ಕೂರಿಸಲಿಕ್ಕೆ ನನಗೆ ನನ್ನ ಕೈ ಮೇಲೆ ಧೈರ್ಯ ಇಲ್ಲ ಈಗ. ನೀವು ಮಂಗಳೂರಿನ ಎಸಿ ಕಂಪೆನಿಯವರಿಗೆ ಹೇಳಿ. ಹಳೆಯ ಗ್ಯಾಸಿನದ್ದಾದರೆ ಒಂದು ತಿಂಗಳಲ್ಲಿ ಹಾಕಿಕೊಡ್ತಾರೆ."

"ಆಯ್ತು, ನೀನು ಊರಿಗೆ ಬಾ," ಎಂದು ಇಟ್ಟರು. ನಾನು ಆ ಗಾಜಿನ ಪೆಟ್ಟಿಗೆಯೊಳಗೆ ಅತ್ತೆ. ಹೊರಗೆ ಸರದಿಯಲ್ಲಿ ನಿಂತಿದ್ದವನು ಬಾಗಿಲು ಬಡಿಯಲಿಲ್ಲ, ಬೇರೆ ಕಡೆ ನೋಡುತ್ತಾ ನಿಂತ. ಆ ಊರಿನವರ ಬಾಯಿ ಬಿಡದ ಗುಣ ಅದೊಂದು ಸಲ ಮಾತ್ರ ನನಗೆ ಹಿತವಾಯಿತು.

ಬೆಳ್ತಂಗಡಿ

ಊರಿಗೆ ಬಂದು ಮೊದಲು ಮಾಡಿದ ಕೆಲಸ, ಬಾಲ್ದಿಯಲ್ಲಿ ಸೋಪು ಕಲಸಿಕೊಂಡು ನಾನೇ ಹಾಕಿದ ಹಳೆಯ ಎಸಿಗಳನ್ನು ನೋಡುತ್ತಾ ಹೋದದ್ದು. ಪಾಣೆಮಂಗಳೂರು, ಬಂಟ್ವಾಳ ಪೇಟೆ, ಮೂಡುಬಿದಿರೆಯ ಎರಡು ಆಫೀಸು. ಯಾರೂ ಕರೆದಿರಲಿಲ್ಲ. "ಚೆನ್ನಾಗಿ ಉಂಟಲ್ಲ, ಯಾಕೆ ಬಿಚ್ಚುತ್ತೀರಿ?" ಎಂದು ಬೈದರು. ಜರ್ಮನಿಗೆ ಹೋಗಿ ಯೂಸುಫನ ಮಂಡೆ ಸಮ ಇಲ್ಲ ಎಂದು ಮಾತಾಯಿತು. ಗುಳ್ಳೆಗಳು ಸಿಕ್ಕಿದವು. ಎಷ್ಟು ಎಂದು ನಾನು ಜೊಹರಾಳಿಗೂ ಹೇಳಲಿಲ್ಲ.

ಹಾಜಿಯಾರ್ ಮಂಗಳೂರಿನವರಿಗೆ ಹೇಳಿರಲಿಲ್ಲ. ಹಾಲ್‌ನ ಮಾಡಿಗೆ ಸಾಲಾಗಿ ಫ್ಯಾನ್ ತೂಗುಹಾಕಿಸಿದ್ದರು. "ಹಳೆಯದು ಬೇಡ ಅಂತ ಆರು ತಿಂಗಳು ನೀನೇ ನನ್ನ ಮಂಡೆ ತಿಂದದ್ದಲ್ವಾ? ಈಗ ಅದನ್ನೇ ಹಾಕಿಸು ಅಂದರೆ ಹೇಗೆ?" ಎಂದರು. ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಬಹುದು ಎಂದು ಹೆಲ್ಮುಟ್ ಕಾಗದ ಬರೆದಿದ್ದ. ಅದನ್ನು ತೋರಿಸಿದೆ. ಓದದೆ ಕಿಸೆಗೆ ಹಾಕಿಕೊಂಡರು.

ಏಪ್ರಿಲ್ ಬಂತು, ನಿಕಾಹ್ ಬಂತು. ಆ ದಿನದ ಸೆಖೆಯನ್ನು ಏನು ಹೇಳಲಿ! ಒಂದೆಲೆ ಅಲುಗಲಿಲ್ಲ. ಫ್ಯಾನುಗಳು ಬಿಸಿ ಗಾಳಿಯನ್ನೇ ತಿರುವಿ ತಿರುವಿ ಮುಖಕ್ಕೆ ಎರಚುತ್ತಿದ್ದವು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದವರು ಕೋಟಿನೊಳಗೆ ಬೇಯುತ್ತಿದ್ದರು. ಮೇಲಿನ ಮಾಳಿಗೆಯ ಹೆಂಗಸರ ಕಡೆಯಿಂದ ಮಕ್ಕಳ ಅಳು ನಿಲ್ಲಲೇ ಇಲ್ಲ. ಜೊಹರಾ ಮೆಟ್ಟಿಲಲ್ಲಿ ಸಿಕ್ಕಿದವಳು, "ಮೂರು ವಾರ ಜರ್ಮನಿ, ಬಂದದ್ದು ಫ್ಯಾನು," ಎಂದು ಮುಖ ತಿರುಗಿಸಿ ಹೋದಳು.

ಬಿರಿಯಾನಿ ಬಡಿಸುವ ಹೊತ್ತಿಗೆ ಒಬ್ಬ ನೆಂಟ ಎಲ್ಲರಿಗೂ ಕೇಳುವ ಹಾಗೆ ಕೇಳಿದ, "ಎಂತ ಹಾಜಿಯಾರೇ, ಜರ್ಮನಿಯ ಎಸಿ ಎಲ್ಲಿ?"

ಜನ ನಕ್ಕರು. ನಾನು ಕಂಬದ ಹಿಂದೆ ಸರಿದೆ. ಹಾಜಿಯಾರ್ ಬಿಡಲಿಲ್ಲ, ರಟ್ಟೆ ಹಿಡಿದು ಎಳೆದು ಮುಂದೆ ನಿಲ್ಲಿಸಿದರು. ಅವರ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಇವ ಹಾಕುವುದು. ಇವನಿಗೆ ಇನ್ನೂ ಧೈರ್ಯ ಬರ್ಲಿಲ್ಲ," ಎಂದರು. "ಬಂದ ದಿನ ಹಾಕುವ."

ತಮಾಷೆಗೆ ಹೇಳಿದ್ದಲ್ಲ. ಅಷ್ಟು ಜನರೆದುರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹದಿನೆಂಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ನಂಬಿ ಇಷ್ಟು ಕಷ್ಟಕ್ಕೆ ಸಿಕ್ಕಿಸಿರಲಿಲ್ಲ.

ಅಷ್ಟರಲ್ಲಿ ನನ್ನ ತಾಯಿ, ಉಮ್ಮ, ಹೆಂಗಸರ ಮಾಳಿಗೆಯಿಂದ ಮೆಟ್ಟಿಲಿನ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಳಿದು ಬಂದರು. ತಲೆಯ ಮೇಲಿನ ವಸ್ತ್ರ ಒದ್ದೆಯಾಗಿತ್ತು. ಬಾಗಿಲ ಹತ್ತಿರ ಕುರ್ಚಿ ಎಳೆದು ಕೂರಿಸಿದೆ.

"ಬೆಂದು ಹೋದೆ ಮೋನೇ," ಎಂದರು. "ಎಂಥ ಸೆಖೆ ಇದು!"

"ಸೆಖೆ ಮಾತ್ರ ಉಮ್ಮ, ಸೋರುವುದು ಏನೂ ಇಲ್ಲ," ಎಂದೆ.

ಅವರಿಗೆ ಅದು ಅರ್ಥವಾಗಲಿಲ್ಲ. ಗಾಳಿ ಹಾಕಿಕೊಳ್ಳುತ್ತಿದ್ದ ಮದುವೆ ಕಾಗದವನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿದರು. ಊಟದ ಕೊನೆಯ ಪಂಕ್ತಿ ಏಳುವವರೆಗೆ ನಾನು ಅವರಿಗೆ ಗಾಳಿ ಬೀಸುತ್ತಾ ನಿಂತೆ.